ಅರುವತ್ತನಾಲ್ಕು ಅಕ್ಷರ, ಇಪ್ಪತ್ತು ಅಂಕ

ಪ್ರಾಚೀನರು ಸರ್ವವನ್ನೂ ಬಲ್ಲವರಾಗಿದ್ದರೆಂಬ ಮಾತು ಸಭೆ ಸಮಾರಂಭಗಳಲ್ಲಿ ಮೇಲಿಂದ ಮೇಲೆ ಕೇಳಿಬರುವುದುಂಟು. ವಿಮಾನ, ಅಣ್ವಸ್ತ್ರಗಳ ಸಾಲಿಗೆ ಈಗ ಗಣಕಯಂತ್ರವೂ ಸೇರಿದೆ. ಇಂದಿನ ಗಣಕಯಂತ್ರದ ಒಡಲಲ್ಲಿರುವ ಒಂದು ಮಹಾಸಂಖ್ಯೆ ಶ್ರವಣಬೆಳಗೊಳದ ಪರಿಸರದಲ್ಲಿ ಹುಟ್ಟಿದ ಒಂದು ಗ್ರಂಥದಲ್ಲಿ ಸಾವಿರ ವರ್ಷಗಳ ಹಿಂದೆಯೇ ಬರೆಯಲ್ಪಟ್ಟಿದೆ, ಆದುದರಿಂದ ಗಣಕಯಂತ್ರವೂ ಆ ಕಾಲದವರಿಗೆ ಗೊತ್ತಿತ್ತು ಎಂಬುದು ಈ ವಾದದ ಸರಣಿ. ಇದರ ಪೂರ್ವಾರ್ಧ ಅಕ್ಷರಶಃ ನಿಜ. ಉತ್ತರಾರ್ಧ ಅಕ್ಷರಶಃ ಸುಳ್ಳು. ವಿಷಾದದ ಸಂಗತಿಯೆಂದರೆ, ಸುಳ್ಳಾದ ಅರ್ಧಕ್ಕೆ ಚಪ್ಪಾಳೆ ಬೀಳುತ್ತದೆ. ನಿಜವಾದ ಅರ್ಧವನ್ನು ಲೆಕ್ಕ ಹಾಕಿ ನೋಡುವವರಿಲ್ಲ.

ಆ ಸಂಖ್ಯೆ ೧೮೪೪೬೭೪೪೦೭೩೭೦೯೫೫೧೬೧೫. ಇಪ್ಪತ್ತು ಅಂಕಗಳ ಈ ಸಾಲನ್ನು ಕಂಡ ವಾಚಕ ಮಹಾಶಯರಲ್ಲಿ ಎಷ್ಟು ಮಂದಿ ಅದನ್ನು ಕನ್ನಡದಲ್ಲಿ ಓದಿಕೊಂಡರು? ಹೆಚ್ಚಿನವರ ಕಣ್ಣು ಎಡಬದಿಯ ಮೂರು ನಾಲ್ಕು ಅಂಕಗಳನ್ನು ಮುಟ್ಟಿ, ಉಳಿದುದರ ಮೇಲೆ ಜಾರಿ, ಮುಂದಿನ ವಾಕ್ಯಕ್ಕೆ ಬಂದಿರುತ್ತದೆ. ಪ್ರಸ್ತುತ ಲೇಖನದ ದೂರು ಇರುವುದು ಈ ಜಾರುವಿಕೆಯ ಮೇಲೆಯೇ.

ಕೋಲಾರದ ಸೀಮೆಯವರಿಗೆ ಈ ಸಂಖ್ಯೆ ಪರಕೀಯವಲ್ಲ. ಶಾಸನಗಳಲ್ಲಿ ಕುವಳಾಲವೆಂದು ಹೆಸರಾದ ಕೋಲಾರ, ತಲಕಾಡಿಗಿಂತ ಮೊದಲು ಗಂಗರ ರಾಜಧಾನಿಯಾಗಿತ್ತು. ರಾಜಧಾನಿ ಕಾವೇರಿಯ ದಡಕ್ಕೆ ಹೋದ ಮೇಲೂ 'ಕುವಳಾಲಪುರವರೇಶ್ವರ', 'ನಂದಗಿರಿನಾಥ' ಎಂಬ ಬಿರುದುಗಳನ್ನು ಆ ಮನೆತನ ಬಿಟ್ಟುಕೊಡಲಿಲ್ಲ. ಆ ಗಂಗರ ಮಾರಸಿಂಹ, ರಾಚಮಲ್ಲರ ಆಳ್ವಿಕೆಯಲ್ಲಿ ಮಂತ್ರಿಯೂ ದಂಡನಾಯಕನೂ ಆಗಿದ್ದವನು ಚಾವುಂಡರಾಯ. ೯೭೮ರಲ್ಲಿ ಕನ್ನಡ ಗದ್ಯದಲ್ಲಿ ಪುರಾಣವನ್ನು ರಚಿಸಿದವನೂ, ಅದಾದ ಕೆಲವೇ ವರ್ಷಗಳಲ್ಲಿ ಬೆಳಗೊಳದ ಬೆಟ್ಟದ ಮೇಲೆ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದವನೂ ಅವನೇ. ಅವನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಪ್ರಾಕೃತ ಗಾಥೆಗಳಲ್ಲಿ ರಚಿಸಿದ ಗ್ರಂಥ 'ಗೊಮ್ಮಟಸಾರ'. ಚಾವುಂಡರಾಯನಿಗಿದ್ದ ಗೊಮ್ಮಟ ಎಂಬ ಹೆಸರಿನಿಂದಲೇ ಗ್ರಂಥಕ್ಕೂ ಆ ಹೆಸರು ಬಂದಿತೆಂದು ವಿದ್ವಾಂಸರು ತಿಳಿಯುತ್ತಾರೆ. ಅದರ ಜೀವಕಾಂಡದಲ್ಲಿ ಶ್ರುತಜ್ಞಾನವನ್ನು ವಿವರಿಸುವ ಭಾಗದಲ್ಲಿ ಮೇಲಿನ ಇಪ್ಪತ್ತು ಅಂಕಗಳು ಒಂದೊಂದಾಗಿ ಹೆಸರಿಸಲ್ಪಟ್ಟಿವೆ. ೧೩೫೯ರಲ್ಲಿ ಕೇಶವವರ್ಣಿ ಎಂಬ ವಿದ್ವಾಂಸನು ಈ ಗ್ರಂಥಕ್ಕೆ ಸಂಸ್ಕೃತಭೂಯಿಷ್ಠವಾದ ಕನ್ನಡದಲ್ಲಿ ವೃತ್ತಿಯನ್ನು ಬರೆದನು. ಗಣಿತವನ್ನು ಕನ್ನಡದಲ್ಲಿ ಹೇಳಲಾಗದು ಎನ್ನುವವರು ಈ ಒಂದು ಇಸವಿಯನ್ನಾದರೂ ನೆನಪಿನಲ್ಲಿಟ್ಟುಕೊಳ್ಳಬೇಕು.

ವೀರಶೈವ ಮಠದ ಶಾಲೆಯ ಸಂಚಿಕೆಯಲ್ಲಿ ಜೈನಗ್ರಂಥದ ಪ್ರಸ್ತಾಪವೇಕೆ ಎಂದು ಬಲ್ಲವರು ಕೇಳಲಾರರು. ಪಂಪ ರನ್ನರನ್ನು ಓದದೆ ಯಾವ ಮಠದ ಪಾಠಶಾಲೆಯಲ್ಲಿಯೂ ಪಂಡಿತನಾದವನಿಲ್ಲ.

ಸಂಖ್ಯೆ ಹುಟ್ಟಿದ ಬಗೆಯನ್ನು ನೋಡಬೇಕು. ನೇಮಿಚಂದ್ರರು ಹಿಡಿದ ವರ್ಣಮಾಲೆಯಲ್ಲಿ ಅಕ್ಷರಗಳು ೬೪. ವ್ಯಂಜನಗಳು ೩೩, ಒಂಬತ್ತು ಸ್ವರಗಳು ಹ್ರಸ್ವ, ದೀರ್ಘ, ಪ್ಲುತಗಳೆಂದು ಮೂರು ಮೂರಾಗಿ ೨೭, ಅನುಸ್ವಾರ, ವಿಸರ್ಗ, ಜಿಹ್ವಾಮೂಲೀಯ, ಉಪಧ್ಮಾನೀಯಗಳೆಂಬ ಯೋಗವಾಹಗಳು ೪. ಈ ಅಕ್ಷರಗಳು ಒಂಟಿಯಾಗಿ ನಿಲ್ಲಬಹುದು, ಎರಡೆರಡು ಕೂಡಬಹುದು, ಮೂರು ಮೂರು ಕೂಡಬಹುದು, ಕೊನೆಗೆ ಅರುವತ್ತನಾಲ್ಕೂ ಒಟ್ಟುಗೂಡಬಹುದು. ಇಂಥ ಕೂಟಗಳು ಒಟ್ಟು ಎಷ್ಟು ಎಂಬುದು ಪ್ರಶ್ನೆ. ಒಂಟಿ ಅಕ್ಷರಗಳು ೬೪, ಜೋಡಿಗಳು ೨೦೧೬, ಮೂರರ ಕೂಟಗಳು ೪೧೬೬೪, ನಾಲ್ಕರವು ೬೩೫೩೭೬. ಹೀಗೆ ಕೂಡುತ್ತ ಹೋದರೆ ಲೆಕ್ಕಿಗನ ಕೈ ಸೋಲುತ್ತದೆ. ಗಾಥೆ ಹೇಳುವ ದಾರಿ ಬೇರೆ: ಅರುವತ್ತನಾಲ್ಕು ಸ್ಥಾನಗಳನ್ನು ಬಿಡಿಬಿಡಿಯಾಗಿ ಹರಡು, ಪ್ರತಿಯೊಂದಕ್ಕೂ ಎರಡನ್ನು ಕೊಡು, ಅವೆಲ್ಲವನ್ನೂ ಪರಸ್ಪರ ಗುಣಿಸು, ಬಂದುದರಲ್ಲಿ ಒಂದನ್ನು ಕಳೆ. ಏಕೆ ಎರಡು? ಒಂದು ಕೂಟದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಎರಡೇ ಗತಿ: ಇರುವುದು ಅಥವಾ ಇಲ್ಲದಿರುವುದು. ಏಕೆ ಒಂದನ್ನು ಕಳೆಯಬೇಕು? ಯಾವ ಅಕ್ಷರವೂ ಇಲ್ಲದ ಬರಿದಾದ ಕೂಟವೂ ಎಣಿಕೆಯಲ್ಲಿ ನುಸುಳಿರುತ್ತದೆ, ಅದು ಅಕ್ಷರವಲ್ಲ. ಇಷ್ಟೇ ತಾತ್ಪರ್ಯ. ಏಳನೆಯ ತರಗತಿಯ ಬಾಲಕನಿಗೆ ಅರ್ಥವಾಗದ ಅಂಶ ಇದರಲ್ಲಿ ಒಂದೂ ಇಲ್ಲ.

ಈ ಎಣಿಕೆಯಲ್ಲಿ ಅಕ್ಷರಗಳ ಮುಂದುಹಿಂದು ಲೆಕ್ಕಕ್ಕೆ ಬರುವುದಿಲ್ಲ. 'ಮರ' ಮತ್ತು 'ರಮ' ಎರಡೂ ಇಲ್ಲಿ ಒಂದೇ ಕೂಟ. ಆದುದರಿಂದ ಜಗತ್ತಿನ ಶಬ್ದಗಳೆಲ್ಲ ಈ ಸಂಖ್ಯೆಯಲ್ಲಿ ಅಡಗಿವೆ ಎಂದು ವರ್ಣಿಸುವುದೂ ಸರಿಯಲ್ಲ. ಮೂಲದಲ್ಲಿ ಎಷ್ಟು ಇದೆಯೋ ಅಷ್ಟೇ ಸಾಲದೆ?

ಅಷ್ಟೇ ಬೇಕಾದಷ್ಟಾಯಿತು ಎಂಬುದಕ್ಕೆ ಗ್ರಂಥದ ಮುಂದಿನ ಹೆಜ್ಜೆಯೇ ಸಾಕ್ಷಿ. ಆಗಮದ ವಿಸ್ತಾರವನ್ನು ಅಳೆಯಲು ಮಧ್ಯಮಪದವೆಂಬ ಒಂದು ಮಾನ ಉಂಟು. ಅದರಲ್ಲಿ ೧೬೩೪ ಕೋಟಿ ೮೩ ಲಕ್ಷದ ೭ ಸಾವಿರದ ೮೮೮ ಅಕ್ಷರಗಳು. ಮಹಾಸಂಖ್ಯೆಯನ್ನು ಇದರಿಂದ ಭಾಗಿಸಬೇಕು. ಭಾಗಲಬ್ಧ ೧೧೨ ಕೋಟಿ ೮೩ ಲಕ್ಷದ ೫೮ ಸಾವಿರದ ೫, ಇವು ಅಂಗಗಳ ಪದಗಳು. ಶೇಷ ೮ ಕೋಟಿ ೧ ಲಕ್ಷದ ೮ ಸಾವಿರದ ೧೭೫, ಇವು ಅಂಗಬಾಹ್ಯದ ಅಕ್ಷರಗಳು ಎಂದು ಪರಂಪರೆ ಹೇಳುತ್ತದೆ. ಇಂದು ಯಾರಾದರೂ ಕಾಗದ ಪೆನ್ಸಿಲು ಹಿಡಿದು ಕುಳಿತು ೧೬೩೪೮೩೦೭೮೮೮ನ್ನು ೧೧೨೮೩೫೮೦೦೫ರಿಂದ ಗುಣಿಸಲಿ, ೧೮೪೪೬೭೪೪೦೭೩೬೨೯೪೪೩೪೪೦ ಬರುತ್ತದೆ. ಅದಕ್ಕೆ ೮೦೧೦೮೧೭೫ನ್ನು ಕೂಡಲಿ. ಇಪ್ಪತ್ತು ಅಂಕಗಳಲ್ಲಿ ಒಂದೂ ತಪ್ಪುವುದಿಲ್ಲ. ಓಲೆಗರಿಯಿಂದ ಓಲೆಗರಿಗೆ, ಲಿಪಿಕಾರನಿಂದ ಲಿಪಿಕಾರನಿಗೆ ನಕಲಾಗುತ್ತ ಬಂದ ಅಂಕಗಳು ಇಷ್ಟು ಶತಮಾನಗಳ ಅನಂತರ ತಾಳೆಯಾಗುವುದನ್ನು ಸ್ವಹಸ್ತದಿಂದ ಕಂಡವನಿಗೆ ಆಗುವ ರೋಮಾಂಚ, ವೇದಿಕೆಯ ಭಾಷಣದಿಂದ ಆಗುವುದಲ್ಲ.

ಇನ್ನು ಓದುವ ಬಗೆ. ಅಂಕಗಳ ನಡೆ ಎಡಕ್ಕೆ ಎಂಬುದು ಸಂಸ್ಕೃತ ಗ್ರಂಥಗಳಲ್ಲಿ ಸಾಮಾನ್ಯ ನಿಯಮ. ಬಿಡಿಯ ಸ್ಥಾನದಿಂದ ಆರಂಭಿಸಿ ಮೇಲಕ್ಕೆ ಹೋಗುವುದು ವಾಡಿಕೆ. ಗೊಮ್ಮಟಸಾರದ ಗಾಥೆ ಇದನ್ನು ಮುರಿದು, ಇಂದಿನ ಮಕ್ಕಳು ಓದುವಂತೆಯೇ, ಎಡಬದಿಯ ಒಂದರಿಂದ ಪ್ರಾರಂಭಿಸಿ ಬಲತುದಿಯ ಐದಕ್ಕೆ ಮುಗಿಸುತ್ತದೆ. ಸ್ಥಾನಗಳ ಹೆಸರುಗಳಾದರೋ ಕನ್ನಡನಾಡಿನಲ್ಲಿಯೇ ಸಿದ್ಧವಾಗಿದ್ದುವು. ನೃಪತುಂಗ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದಲ್ಲಿ ಇಪ್ಪತ್ತನಾಲ್ಕು ಸ್ಥಾನಗಳನ್ನು ಹೆಸರಿಸಿದ್ದಾನೆ. ಭಾಸ್ಕರಾಚಾರ್ಯನ 'ಲೀಲಾವತಿ'ಯ ಪಟ್ಟಿ ಹದಿನೆಂಟನೆಯ ಸ್ಥಾನವಾದ ಪರಾರ್ಧಕ್ಕೆ ಮುಗಿಯುವುದರಿಂದ ಈ ಸಂಖ್ಯೆಗೆ ಅಲ್ಲಿ ಎಡೆಯಿಲ್ಲ. ಅವನಿಗಿಂತ ಮುನ್ನೂರು ವರ್ಷ ಹಿಂದಿನ ಮಹಾವೀರನಲ್ಲಿ ಎಡೆಯುಂಟು. ಅವನ ಕ್ರಮದಲ್ಲಿ ಓದಿದರೆ ಇದು ಒಂದು ಮಹಾಶಂಖ, ಎಂಟು ಶಂಖ, ನಾಲ್ಕು ಮಹಾಕ್ಷೋಣಿ, ನಾಲ್ಕು ಕ್ಷೋಣಿ, ಆರು ಮಹಾಪದ್ಮ, ಏಳು ಪದ್ಮ, ನಾಲ್ಕು ಮಹಾಖರ್ವ, ನಾಲ್ಕು ಖರ್ವ, ನ್ಯರ್ಬುದ ಶೂನ್ಯ, ಏಳು ಅರ್ಬುದ, ಆ ಮೇಲೆ ೩೭೦ ಕೋಟಿ ೯೫ ಲಕ್ಷದ ೫೧ ಸಾವಿರದ ೬೧೫. ಒಂದೇ ಹೆಸರು ಬೇರೆ ಬೇರೆ ಶಾಸ್ತ್ರಕಾರರಲ್ಲಿ ಬೇರೆ ಬೇರೆ ಸ್ಥಾನಕ್ಕೆ ನಿಲ್ಲುವುದುಂಟು. ಖರ್ವ ಭಾಸ್ಕರನಲ್ಲಿ ಹನ್ನೊಂದನೆಯದು, ಮಹಾವೀರನಲ್ಲಿ ಹದಿಮೂರನೆಯದು. ಇದನ್ನು ಭಾರತೀಯರ ಅವ್ಯವಸ್ಥೆಯೆಂದು ಹಳಿಯುವವರು, ಇಂಗ್ಲೆಂಡಿನಲ್ಲಿ ಬಿಲಿಯನ್ ಎಂದರೆ ಲಕ್ಷ ಕೋಟಿಯೋ ನೂರು ಕೋಟಿಯೋ ಎಂಬುದು ಸರ್ಕಾರದ ಮಟ್ಟದಲ್ಲಿ ಇತ್ಯರ್ಥವಾದದ್ದು ೧೯೭೪ರಲ್ಲಿ ಎಂಬುದನ್ನು ಗಮನಿಸಬೇಕು. ಇಷ್ಟೊಂದು ಹೆಸರುಗಳು ಭಾರವೆನಿಸಿದರೆ ಕೋಟಿಕೋಟಿಯ ಲೆಕ್ಕವೂ ಉಂಟು: ೧ ಲಕ್ಷ ೮೪ ಸಾವಿರದ ೪೬೭ ಕೋಟಿಕೋಟಿ, ೪೪ ಲಕ್ಷ ೭ ಸಾವಿರದ ೩೭೦ ಕೋಟಿ, ೯೫ ಲಕ್ಷ ೫೧ ಸಾವಿರದ ೬೧೫.

ಈ ಸಂಖ್ಯೆಯ ಒಳಗುಣಗಳನ್ನು ನೋಡಿದರೆ ಗಣಿತದ ಉಪಾಧ್ಯಾಯರಿಗೂ ಹಬ್ಬ. ಎರಡನ್ನು ಅರುವತ್ತನಾಲ್ಕು ಸಲ ಗುಣಿಸುವ ಶ್ರಮವನ್ನು ನೇಮಿಚಂದ್ರರ ಪರಂಪರೆ ತಪ್ಪಿಸಿಕೊಂಡಿತ್ತು. ಅವರದೇ 'ತ್ರಿಲೋಕಸಾರ'ದಲ್ಲಿ ದ್ವಿರೂಪವರ್ಗಧಾರೆ ಎಂಬ ಸಂಖ್ಯಾಸರಣಿ ಬರುತ್ತದೆ. ಎರಡನ್ನು ವರ್ಗ ಮಾಡಿದರೆ ೪, ಅದರ ವರ್ಗ ೧೬, ಅದರ ವರ್ಗ ೨೫೬, ಮುಂದೆ ೬೫೫೩೬, ಮುಂದೆ ೪೨೯೪೯೬೭೨೯೬, ಆರನೆಯ ಸಲ ವರ್ಗ ಮಾಡಿದಾಗ ೧೮೪೪೬೭೪೪೦೭೩೭೦೯೫೫೧೬೧೬. ಕೊನೆಯ ಮೂರಕ್ಕೆ ಪ್ರಾಕೃತದಲ್ಲಿ ಮುದ್ದಾದ ಹೆಸರುಗಳಿವೆ: ಪಣ್ಣಟ್ಠಿ, ಬಾದಾಲ, ಏಕಟ್ಠಿ. ಪಣ್ಣಟ್ಠಿ ಎಂದರೆ ಅರುವತ್ತೈದು, ಬಾದಾಲ ಎಂದರೆ ನಾಲ್ವತ್ತೆರಡು, ಏಕಟ್ಠಿ ಎಂದರೆ ಒಂದು ಮತ್ತು ಎಂಟು. ಸಂಖ್ಯೆಯ ಮೊದಲ ಎರಡು ಅಂಕಗಳನ್ನೇ ಹೆಸರಾಗಿ ಹಿಡಿದು ಇಡೀ ಸಂಖ್ಯೆಯನ್ನು ಕರೆಯುವುದು! ಉದ್ದ ಹೆಸರಿನ ಹುಡುಗನನ್ನು ಮೊದಲ ಎರಡಕ್ಷರದಿಂದ ಕೂಗುವ ಮನೆಮಂದಿಯ ಸಲಿಗೆ ಇಲ್ಲಿದೆ. ಮಹಾಸಂಖ್ಯೆಯೊಡನೆ ಆ ಜನ ಎಷ್ಟು ಒಡನಾಡಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಈಗ ಧಾರೆಯ ಮೊದಲ ಆರು ಪದಗಳಿಗೆ ಒಂದೊಂದನ್ನು ಕೂಡಿಸಬೇಕು. ೩, ೫, ೧೭, ೨೫೭, ೬೫೫೩೭, ೪೨೯೪೯೬೭೨೯೭ ಬರುತ್ತವೆ. ಈ ಆರನ್ನೂ ಗುಣಿಸಿದರೆ ಬರುವುದು ಗೊಮ್ಮಟಸಾರದ ಸಂಖ್ಯೆಯೇ. ಎರಡು ರಾಶಿಗಳ ಮೊತ್ತವನ್ನು ಅವುಗಳ ಅಂತರದಿಂದ ಗುಣಿಸಿದರೆ ವರ್ಗಗಳ ಅಂತರ ದೊರೆಯುವುದೆಂದು ಪ್ರೌಢಶಾಲೆಯಲ್ಲಿ ಕಲಿಸುತ್ತಾರಷ್ಟೆ. ಆ ಒಂದೇ ಸೂತ್ರವನ್ನು ಆರು ಸಲ ಪ್ರಯೋಗಿಸಿದರೆ ಇದು ಸಿದ್ಧಿಸುತ್ತದೆ. ಮೂರನ್ನು ಐದರಿಂದ ಗುಣಿಸಿದರೆ ೧೫, ಅದು ೧೬ಕ್ಕೆ ಒಂದು ಕಡಿಮೆ, ಅದನ್ನು ೧೭ರಿಂದ ಗುಣಿಸಿದರೆ ೨೫೫, ಅದು ೨೫೬ಕ್ಕೆ ಒಂದು ಕಡಿಮೆ, ಹೀಗೆ ಮುಂದೆ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಫರ್ಮಾ ಎಂಬ ಗಣಿತಜ್ಞನು ಈ ಬಗೆಯ ಸಂಖ್ಯೆಗಳೆಲ್ಲವೂ ಅವಿಭಾಜ್ಯವೆಂದು ಊಹಿಸಿದನು. ಮೊದಲ ಐದು ನಿಜವಾಗಿಯೂ ಅವಿಭಾಜ್ಯಗಳೇ. ಆರನೆಯದು ಹಾಗಲ್ಲವೆಂದು ೧೭೩೨ರಲ್ಲಿ ಆಯ್ಲರನು ತೋರಿಸಿದನು: ೬೪೧ನ್ನು ೬೭೦೦೪೧೭ರಿಂದ ಗುಣಿಸಿದರೆ ೪೨೯೪೯೬೭೨೯೭. ಅಂದರೆ ಯೂರೋಪಿನ ಒಬ್ಬ ಮಹಾಗಣಿತಿಯ ಪ್ರಖ್ಯಾತ ತಪ್ಪೂ, ಇನ್ನೊಬ್ಬನ ಪ್ರಖ್ಯಾತ ತಿದ್ದುಪಡಿಯೂ ಬೆಳಗೊಳದ ಈ ಸಂಖ್ಯೆಯ ಗರ್ಭದಲ್ಲಿ ಒಟ್ಟಿಗೆ ಕುಳಿತಿವೆ. ಇದನ್ನು ನೇಮಿಚಂದ್ರರು ಬಲ್ಲರೆಂದು ಹೇಳುವುದು ಅವರಿಗೆ ಗೌರವವಲ್ಲ. ಅವರು ಭಾಜಕಗಳನ್ನು ಹುಡುಕಲು ಹೊರಟವರಲ್ಲ. ಅವರಿಗೆ ಬೇಕಾಗಿದ್ದುದು ಅಕ್ಷರಗಳ ಮೊತ್ತ, ಅದನ್ನು ತಪ್ಪಿಲ್ಲದೆ ಪಡೆದರು.

ಒಟ್ಟು ಅವಿಭಾಜ್ಯ ಭಾಜಕಗಳು ಏಳು: ೩, ೫, ೧೭, ೨೫೭, ೬೪೧, ೬೫೫೩೭, ೬೭೦೦೪೧೭. ಹಾಗಾದರೆ ಈ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಎಷ್ಟು? ಪ್ರತಿಯೊಂದು ಅವಿಭಾಜ್ಯವೂ ಭಾಜಕದಲ್ಲಿ ಇರಬಹುದು ಅಥವಾ ಇಲ್ಲದಿರಬಹುದು. ಏಳು ಎರಡುಗಳ ಗುಣಲಬ್ಧ ೧೨೮. ಅಕ್ಷರಕೂಟಗಳನ್ನು ಎಣಿಸಿದ ಉಪಾಯವೇ ಅದರಿಂದ ಹುಟ್ಟಿದ ಸಂಖ್ಯೆಯ ಭಾಜಕಗಳನ್ನೂ ಎಣಿಸಿಬಿಟ್ಟಿತು. ಇಲ್ಲಿ ಬರಿದಾದ ಕೂಟವನ್ನು ಕಳೆಯಬೇಕಾಗಿಲ್ಲ. ಅದು ೧ ಎಂಬ ಭಾಜಕ.

ಇದೇ ಸಂಖ್ಯೆ ಚದುರಂಗದ ಕಥೆಯಲ್ಲಿಯೂ ಬರುತ್ತದೆ. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಅರುವತ್ತನಾಲ್ಕು ಮನೆಗಳಿಗೂ ಇಮ್ಮಡಿಸುತ್ತ ಕೊಡಬೇಕೆಂದು ಕೇಳಿದವನಿಗೆ ರಾಜನು ಕೊಡಲಾರದೆ ಹೋದ ಕಥೆಯನ್ನು ಕೇಳದವರಿಲ್ಲ. ಸುಮಾರು ೧೦೦೦ದಲ್ಲಿ, ಅಂದರೆ ನೇಮಿಚಂದ್ರರ ಕಾಲಕ್ಕೆ ತೀರ ಸಮೀಪದಲ್ಲಿ, ಅಲ್‌ಬೆರೂನಿಯು ತನ್ನ ಕಾಲಗಣನೆಯ ಗ್ರಂಥದಲ್ಲಿ ಈ ಮೊತ್ತವನ್ನು ಅಂಕ ತಪ್ಪದೆ ಕೊಟ್ಟಿದ್ದಾನೆ. ಕೋಲಾರದ ಸೀಮೆಯಲ್ಲಿ ಗೋಧಿಗಿಂತ ರಾಗಿಯ ಲೆಕ್ಕವೇ ಮನಸ್ಸಿಗೆ ಹತ್ತುವುದು. ಸಾವಿರ ರಾಗಿಕಾಳು ಎರಡೂವರೆ ಗ್ರಾಂ ತೂಗುವುದೆಂದು ಹಿಡಿದರೆ ಒಟ್ಟು ರಾಗಿ ೪೬೦೦ ಕೋಟಿ ಟನ್ನುಗಳನ್ನು ಮೀರುತ್ತದೆ. ೨೦೨೩-೨೪ರಲ್ಲಿ ಇಡೀ ಭಾರತ ಬೆಳೆದ ಆಹಾರಧಾನ್ಯ ಸುಮಾರು ೩೩ ಕೋಟಿ ಟನ್. ಅದೇ ಪ್ರಮಾಣದಲ್ಲಿ ಬೆಳೆದರೂ ರಾಜನ ಮಾತು ತೀರಲು ನೂರನಾಲ್ವತ್ತು ವರ್ಷ ಬೇಕು.

ಗಣಕಯಂತ್ರದ ಮಾತಿಗೆ ಬರುವುದಾದರೆ, ಇಂದಿನ ಯಂತ್ರಗಳು ಒಂದು ಸಂಖ್ಯೆಯನ್ನಿಡಲು ಸಾಮಾನ್ಯವಾಗಿ ೬೪ ಮನೆಗಳನ್ನು ಮೀಸಲಿಡುತ್ತವೆ. ಆ ಮನೆಗಳಿಗೆ ಬಿಟ್ ಎಂದು ಹೆಸರು. ಪ್ರತಿ ಮನೆಯಲ್ಲಿ ಒಂದು ಅಥವಾ ಸೊನ್ನೆ. ಎಲ್ಲ ಮನೆಗಳಲ್ಲಿಯೂ ಒಂದನ್ನು ತುಂಬಿದರೆ ದೊರೆಯುವ ಅತಿ ದೊಡ್ಡ ಸಂಖ್ಯೆ ಗೊಮ್ಮಟಸಾರದ್ದೇ. ಯಂತ್ರಶಿಲ್ಪಿಯ ಅರುವತ್ತನಾಲ್ಕು ಬಂದದ್ದು ೮, ೧೬, ೩೨ ಎಂದು ಇಮ್ಮಡಿಸುತ್ತ ಬಂದ ಅನುಕೂಲದಿಂದ. ವೈಯಾಕರಣನ ಅರುವತ್ತನಾಲ್ಕು ಬಂದದ್ದು ಸ್ವರವ್ಯಂಜನಗಳ ಎಣಿಕೆಯಿಂದ. ಎರಡೂ ಒಂದಾದದ್ದು ಕಾಕತಾಳೀಯ. ಆದರೆ ಇದೆ ಅಥವಾ ಇಲ್ಲ ಎಂಬ ಎರಡು ಗತಿಗಳನ್ನು ಸ್ಥಾನಸ್ಥಾನದಲ್ಲಿ ಇಟ್ಟು ಎಣಿಸುವ ವಿಚಾರ ಇಬ್ಬರದೂ ಒಂದೇ, ಅದು ಕಾಕತಾಳೀಯವಲ್ಲ. ಇಲ್ಲಿಗೆ ನಿಲ್ಲಿಸಿದರೆ ಹೆಮ್ಮೆಯೂ ಉಳಿಯುತ್ತದೆ, ಸತ್ಯವೂ ಉಳಿಯುತ್ತದೆ. ಒಂದು ಹೆಜ್ಜೆ ಮುಂದಿಟ್ಟರೆ ಎರಡೂ ಕೈಬಿಡುತ್ತವೆ. ೧೯೫೩ರಲ್ಲಿ ಅಚ್ಚಾದ 'ಸಿರಿಭೂವಲಯ'ದ ವಿಷಯದಲ್ಲಿ ಆದದ್ದೂ ಇದೇ. ಒಂದರಿಂದ ಅರುವತ್ತನಾಲ್ಕರವರೆಗಿನ ಅಂಕಗಳನ್ನು ಇಪ್ಪತ್ತೇಳು ಇಪ್ಪತ್ತೇಳರ ಚೌಕಗಳಲ್ಲಿ ತುಂಬಿ, ಅಂಕವೇ ಅಕ್ಷರವಾಗುವಂತೆ ಹೆಣೆದ ಆ ಕೃತಿಯ ಕರ್ತೃ ಕುಮುದೇಂದು ನಂದಿಬೆಟ್ಟದ ಆಸುಪಾಸಿನವನೆಂಬ ಅಭಿಪ್ರಾಯವುಂಟು. ನಂದಿ ೨೦೦೭ರವರೆಗೆ ಕೋಲಾರ ಜಿಲ್ಲೆಯಲ್ಲಿಯೇ ಇದ್ದುದರಿಂದ ಈ ಕಡೆಯವರಿಗೆ ಅದರ ಮೇಲೆ ಮಮತೆ ಹೆಚ್ಚು. ಅದರ ಕಾಲ ನಿರ್ಣಯದಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಆದರೂ ಲೋಕದ ಸಕಲ ವಿದ್ಯೆಗಳೂ ಅದರಲ್ಲಿವೆಯೆಂಬ ಪ್ರಚಾರ ನಡೆದೇ ಇದೆ. ನಿಶ್ಚಿತವಾದ ಸಂಪತ್ತು ಕೈಯಲ್ಲಿರುವಾಗ ವಿವಾದಗ್ರಸ್ತವಾದುದರ ಮೇಲೆ ಮನೆ ಕಟ್ಟುವ ಆತುರವೇಕೆ?

ಈ ಸಂಪತ್ತು ಮಕ್ಕಳಿಗೆ ತಲಪುತ್ತಿದೆಯೆ ಎಂಬುದು ಶಾಲೆಗಳಿಗೆ ಸಂಬಂಧಿಸಿದ ಪ್ರಶ್ನೆ. ಕನ್ನಡ ಪಂಡಿತರು ವರ್ಣಮಾಲೆಯನ್ನು ಕಲಿಸಿ ಅಂಕೆಗಳನ್ನು ಗಣಿತದವರಿಗೆ ಬಿಡುತ್ತಾರೆ; ಗಣಿತದ ಉಪಾಧ್ಯಾಯರು ಗೋಮ್ಮಟಸಾರವನ್ನು ಕನ್ನಡದವರಿಗೆ ಬಿಡುತ್ತಾರೆ. ನಡುವೆ ಸಂಖ್ಯೆ ಅನಾಥವಾಗಿದೆ. ಇದರ ಮೇಲೆ ಈ ಗಡಿನಾಡಿನ ಪರಿಸ್ಥಿತಿ ಬೇರೆ. ಮುಳಬಾಗಿಲು, ಶ್ರೀನಿವಾಸಪುರಗಳ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಮಾಲೂರಿನ ಗಡಿಯಲ್ಲಿ ತಮಿಳೂ ಕೂಡುತ್ತದೆ. ಮಗು ಮನೆಯಲ್ಲಿ ಪದಿ, ಇರವೈ ಎಂದು ಎಣಿಸಿ, ಶಾಲೆಯಲ್ಲಿ ಹತ್ತು, ಇಪ್ಪತ್ತು ಎಂದು ಕಲಿತು, ಮುಂದೆ ಟೆನ್, ಟ್ವೆಂಟಿಗೆ ಬರುತ್ತದೆ. ಮೂರು ಭಾಷೆಗಳ ನಡುವೆ ಸಂಖ್ಯೆ ಕೆಡುತ್ತದೆಂದು ಉಪಾಧ್ಯಾಯರು ಹಲುಬುವುದು ಸಹಜ. ಆದರೆ ಒಂದು ಸಂಗತಿ ಗಮನಾರ್ಹ. ಈ ಭಾಷೆಗಳು ಬೇರೆಯಾಗುವುದು ಸಣ್ಣ ಸಂಖ್ಯೆಗಳಲ್ಲಿ. ನೂರು ಎಂಬ ಮಾತು ಕನ್ನಡ, ತೆಲುಗು, ತಮಿಳು ಮೂರರಲ್ಲಿಯೂ ಉಂಟು; ಲಕ್ಷ, ಕೋಟಿಗಳಿಗೆ ಬಂದರೆ ಉಚ್ಚಾರದ ಅಲ್ಪ ಭೇದದ ಹೊರತು ಮೂರೂ ಒಂದೇ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಯಾವ ಭಾಷೆಯವನು ಲಕ್ಷವೆಂದರೂ ಯಾವ ಭಾಷೆಯವನಿಗೂ ತಿಳಿಯುತ್ತದೆ. ದೊಡ್ಡ ಸಂಖ್ಯೆ ಗಡಿನಾಡಿನ ಮಗುವಿಗೆ ಕಷ್ಟವೆಂಬ ಭಾವನೆಯೇ ತಪ್ಪು. ಅದು ಅದಕ್ಕೆ ಸಮೀಪದ್ದು. ಮನೆಯ ಮಾತು ತಮಿಳಾಗಿದ್ದ ಮಾಸ್ತಿಯವರು ಮಾಲೂರು ಸೀಮೆಯಿಂದ ಹೊರಟು ಕನ್ನಡದ ಆಸ್ತಿಯಾದುದನ್ನು ಕಂಡ ನೆಲವಿದು.

ಯಂತ್ರವಿರುವಾಗ ಕೈಲೆಕ್ಕವೇಕೆ ಎಂಬ ಆಕ್ಷೇಪಕ್ಕೆ ಯಂತ್ರವೇ ಉತ್ತರ ಕೊಡುತ್ತದೆ. ಕೈಯೊಳಗಿನ ಎಷ್ಟೋ ಲೆಕ್ಕಯಂತ್ರಗಳಲ್ಲಿ ಎರಡರ ಅರುವತ್ತನಾಲ್ಕನೆಯ ಘಾತವನ್ನು ಕೇಳಿದರೆ ಎಡದ ಹತ್ತು ಹನ್ನೆರಡು ಅಂಕಗಳನ್ನು ತೋರಿಸಿ, ಉಳಿದುವನ್ನು ನುಂಗಿ, ಇಷ್ಟು ಸ್ಥಾನಗಳೆಂದು ಒಂದು ಗುರುತನ್ನು ಹಾಕಿಬಿಡುತ್ತವೆ. ಒಂದನ್ನು ಕಳೆದರೂ ಅದೇ ಉತ್ತರ. ಕಳೆಯಬೇಕಾದ ಆ ಒಂದರಲ್ಲಿಯೇ ಗಾಥೆಯ ಸೂಕ್ಷ್ಮವಿದೆ ಎಂಬುದು ಆಗ ಮಗುವಿಗೆ ಕಾಣುವುದು ಹೇಗೆ?

ಆದುದರಿಂದ ಒಂದು ಸೂಚನೆ. ದಾನಿಗಳು ಕೊಠಡಿ ಕಟ್ಟಿಸಿಕೊಡುತ್ತಾರೆ, ಗೋಡೆಗಳ ಮೇಲೆ ಸುಭಾಷಿತಗಳನ್ನು ಬರೆಸುತ್ತಾರೆ, ಅದು ಸ್ತುತ್ಯವೇ. ಒಂದು ಗೋಡೆಯನ್ನು ಮಾತ್ರ ಬರಿದಾಗಿ ಬಿಡಿಸಿ, ಕಪ್ಪು ಬಳಿಸಿ, ಎಂಟೆಂಟರ ಅರುವತ್ತನಾಲ್ಕು ಮನೆಗಳನ್ನು ಬಿಳಿಯ ಗೆರೆಯಲ್ಲಿ ಎಳೆಸಲಿ. ಮೊದಲ ಮನೆಯಲ್ಲಿ ೨ ಎಂದು ಬರೆದು, ದಿನಕ್ಕೊಬ್ಬ ವಿದ್ಯಾರ್ಥಿ ಒಂದು ಮನೆಯನ್ನು ಇಮ್ಮಡಿಸಿ ತುಂಬಲಿ, ಕನ್ನಡದ ಅಂಕಿಗಳಲ್ಲಿ, ಗಟ್ಟಿಯಾಗಿ ಓದಿ. ಪಠ್ಯಪುಸ್ತಕದ ವರ್ಣಮಾಲೆ ನಾಲ್ವತ್ತೊಂಬತ್ತು ಅಕ್ಷರಗಳದು. ನಾಲ್ವತ್ತೊಂಬತ್ತನೆಯ ಮನೆಗೆ ಬಂದಾಗ ೫೬೨೯೪೯೯೫೩೪೨೧೩೧೨ ಎಂದಾಗುತ್ತದೆ, ಒಂದು ಕಳೆದರೆ ಅದು ಆ ವರ್ಣಮಾಲೆಯ ಕೂಟಗಳ ಸಂಖ್ಯೆ. ಅದಕ್ಕೆ ಎರಡು ದಿನ ಮೊದಲು, ಕೇಶಿರಾಜನು ಶುದ್ಧವಾಗಿ ಕನ್ನಡಕ್ಕೆ ಉಳಿಸಿದ ನಾಲ್ವತ್ತೇಳು ಅಕ್ಷರಗಳ ಸರದಿ: ೧೪೦೭೩೭೪೮೮೩೫೫೩೨೮ರಲ್ಲಿ ಒಂದು ಕಡಿಮೆ. ಶಬ್ದಮಣಿದರ್ಪಣದ ಪಾಠವನ್ನು ಆ ದಿನ ಗಣಿತದ ಉಪಾಧ್ಯಾಯರೂ ಕುಳಿತು ಕೇಳಲಿ.

ತಪ್ಪಾಗದೆ ಇರುವುದಿಲ್ಲ. ದಶಕ ಹಿಡಿಯುವುದನ್ನು ಒಬ್ಬ ಮರೆತರೆ ಮುಂದಿನ ಮನೆಗಳೆಲ್ಲ ಕೆಟ್ಟಂತೆ. ತಾಳೆ ನೋಡುವ ಉಪಾಯಗಳನ್ನೂ ಜೊತೆಗೇ ಕಲಿಸಬೇಕು. ಬಿಡಿಯ ಸ್ಥಾನದ ಅಂಕ ೨, ೪, ೮, ೬ ಎಂದು ಸುತ್ತುತ್ತಿರಬೇಕು. ಅಂಕಗಳನ್ನೆಲ್ಲ ಕೂಡಿ, ಬಂದುದರ ಅಂಕಗಳನ್ನು ಮತ್ತೆ ಕೂಡಿ, ಒಂದೇ ಅಂಕಕ್ಕೆ ತಂದರೆ ೨, ೪, ೮, ೭, ೫, ೧ ಎಂದು ಆರಾರು ಮನೆಗಳಿಗೆ ಸುತ್ತು ಮುಗಿಯಬೇಕು. ಮೂವತ್ತನೆಯ ಮನೆಯಲ್ಲಿ ೧೦೭೩೭೪೧೮೨೪ ಇರಬೇಕು, ಅಂಕಗಳ ಮೊತ್ತ ೩೭, ಅದು ೧೦, ಅದು ೧, ಸರಿ. ಆದರೆ ಅವಸರದ ಹುಡುಗನೊಬ್ಬ ಏಳು ಮೂರುಗಳನ್ನು ಅದಲುಬದಲು ಮಾಡಿ ೧೦೩೭೭೪೧೮೨೪ ಎಂದು ಬರೆದರೆ ಈ ಎರಡು ತಾಳೆಗಳೂ ಅವನನ್ನು ಹಿಡಿಯಲಾರವು. ಅಂಥವನಿಗೆ ಹನ್ನೊಂದರ ತಾಳೆ. ಬಲತುದಿಯಿಂದ ಒಂದು ಅಂಕವನ್ನು ಕೂಡಿ, ಮುಂದಿನದನ್ನು ಕಳೆದು, ಹೀಗೆ ಎಡಕ್ಕೆ ನಡೆದರೆ ಸರಿಯಾದ ಸಂಖ್ಯೆಯಲ್ಲಿ ೧ ಉಳಿಯುತ್ತದೆ. ಅವನದರಲ್ಲಿ ೯ ಉಳಿಯುತ್ತದೆ. ಬಟ್ಟೆಯಿಂದ ಆ ಮನೆಯನ್ನು ಒರೆಸಿ ಮತ್ತೆ ಬರೆಯಬೇಕು.